ನಿಯತ ವರಮಾನ ಮತ್ತು ನಿವೃತ್ತ ಗೃಹಸ್ಥನ ಜೀವನ

(ಪ್ರತಿಷ್ಠಾ ಮಹೋತ್ಸವದ ಶ್ರಾವಕಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ದತ್ತಿ ಬಿಟ್ಟ ನಮ್ಮ ಪೂರ್ವಿಕರು ಲೆಕ್ಕದಲ್ಲಿ ಜಾಣರು. ಶ್ರವಣಬೆಳಗೊಳದ 13ನೆಯ ಶತಮಾನದ ಕೆಲವು ಶಾಸನಗಳು ಗೊಮ್ಮಟಸ್ವಾಮಿಯ ನಿತ್ಯಾಭಿಷೇಕಕ್ಕೆಂದು ಇಟ್ಟ ಗದ್ಯಾಣಗಳನ್ನು ಹೇಳುತ್ತವೆ. ಮೂಲಧನವನ್ನು ಮುಟ್ಟದೆ, ಅದರ ಬಡ್ಡಿಯಿಂದ ದಿನಕ್ಕೆ ಇಂತಿಷ್ಟು ಅಳತೆಯ ಹಾಲು ಸಲ್ಲಬೇಕೆಂದು ಅಲ್ಲಿ ವಿಧಿಸಿದೆ. ದಾನಿಗಳು ಬಡ್ಡಿಯ ಮೊತ್ತವನ್ನು ಹೇಳಿ ಸುಮ್ಮನಾಗಲಿಲ್ಲ, ಹಾಲಿನ ಅಳತೆಯನ್ನೂ ಕಲ್ಲಿನಲ್ಲಿ ಬರೆಯಿಸಿದರು. ಉದ್ಯೋಗದಿಂದಲೋ ವ್ಯಾಪಾರದಿಂದಲೋ ನಿವೃತ್ತನಾಗಿ ನಿಯತ ವರಮಾನದಲ್ಲಿ ಬಾಳಬೇಕಾದವನು ಮೊದಲು ಮನಗಾಣಬೇಕಾದ ಸಂಗತಿಯೂ ಇದೇ ಆಗಿದೆ. ತಿಂಗಳಿಗೆ ಎಷ್ಟು ರೂಪಾಯಿ ಬರುವುದೆಂಬುದು ಎರಡನೆಯ ಪ್ರಶ್ನೆ; ಆ ರೂಪಾಯಿಗೆ ಎಷ್ಟು ಅಕ್ಕಿ, ಎಷ್ಟು ಹಾಲು, ಎಷ್ಟು ಔಷಧ ಬರುವುದೆಂಬುದೇ ಮೊದಲನೆಯದು.

ತುಳುನಾಡಿನ ಜೈನ ಮನೆತನಗಳಿಗೆ ಈ ಪಾಠ ಹೊಸದಲ್ಲ. ಮೂಲಗೇಣಿಗೆ ಕೊಟ್ಟ ಭೂಮಿಯ ಗೇಣಿಯು ಶಾಶ್ವತವಾಗಿ ನಿಗದಿಯಾದದ್ದು. ಒಡೆಯನು ಅದನ್ನು ಏರಿಸುವಂತಿರಲಿಲ್ಲ. ಗೇಣಿಯು ಅಕ್ಕಿಮುಡಿಯ ಲೆಕ್ಕದಲ್ಲಿದ್ದ ಮನೆಯಲ್ಲಿ ಧಾರಣೆ ಏರಿದರೂ ಊಟಕ್ಕೆ ಕೊರತೆ ಇರಲಿಲ್ಲ. ರೂಪಾಯಿಯಲ್ಲಿ ನಿಗದಿಯಾಗಿದ್ದ ಮನೆಯಲ್ಲಾದರೋ, ಅಜ್ಜನ ಕಾಲದಲ್ಲಿ ಸಂಸಾರವನ್ನೇ ಸಾಗಿಸಿದ ಹಣವು ಮೊಮ್ಮಗನ ಕಾಲಕ್ಕೆ ದೀಪದೆಣ್ಣೆಗೂ ಸಾಲದಾಯಿತು. ಮುಂದೆ ಭೂಸುಧಾರಣಾ ಕಾಯಿದೆಯ ತಿದ್ದುಪಡಿಯಂತೆ ಗೇಣಿಭೂಮಿಗಳು 1974ರ ಮಾರ್ಚ್ 1ರಿಂದ ಸರಕಾರಕ್ಕೆ ಸೇರಿ, ಉಳುವವರ ಹೆಸರಿಗೆ ಬಂದವು. ಅದರ ನ್ಯಾಯಾನ್ಯಾಯದ ಚರ್ಚೆ ಇಲ್ಲಿ ಅಪ್ರಸ್ತುತ. ಒಂದೇ ಮೂಲದ ವರಮಾನವನ್ನು ನೆಚ್ಚಿ ಕುಳಿತ ಮನೆಗಳ ಪಾಡೇನಾಯಿತೆಂಬುದನ್ನು ಮಾತ್ರ ಹಿರಿಯರು ಬಲ್ಲರು.

ಇಂದಿನ ನಿವೃತ್ತಿವೇತನಗಳಲ್ಲಿಯೂ ಮುಡಿಗೇಣಿ, ಹಣಗೇಣಿ ಎಂಬ ಈ ಭೇದವೇ ಇದೆ. ಹಳೆಯ ನಿಯಮದ ಸರಕಾರಿ ನಿವೃತ್ತಿವೇತನವು ತುಟ್ಟಿಭತ್ಯೆಯೊಡನೆ ಏರುವುದರಿಂದ ಅದನ್ನು ಮುಡಿಗೇಣಿಯೆನ್ನಬಹುದು. ನಿವೃತ್ತಿವೇತನವು ಸರಕಾರದ ಕೃಪೆಯಲ್ಲ, ದುಡಿದವನ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯವು ನಕಾರಾ ಅವರ ಮೊಕದ್ದಮೆಯಲ್ಲಿ 1982ರ ಡಿಸೆಂಬರ್ 17ರಂದು ಸಾರಿದುದು ಈ ವರ್ಗದವರಿಗೆ ದೊಡ್ಡ ಆಸರೆಯಾಯಿತು. ಕೇಂದ್ರ ಸೇವೆಗೆ 2004ರ ಜನವರಿಯಿಂದ, ಕರ್ನಾಟಕ ರಾಜ್ಯಸೇವೆಗೆ 2006ರ ಏಪ್ರಿಲ್‌ನಿಂದ ಹೊಸದಾಗಿ ಸೇರಿದವರಿಗೆ ಬೇರೆ ವ್ಯವಸ್ಥೆ ಬಂದಿತು. ಖಾಸಗಿ ನೌಕರರ 1995ರ ಪಿಂಚಣಿ ಯೋಜನೆಯು ತುಟ್ಟಿಭತ್ಯೆಯ ನಂಟಿಲ್ಲದೆ ರೂಪುಗೊಂಡಿತು. ಅದರ ಕನಿಷ್ಠ ಪಿಂಚಣಿಯನ್ನು 2014ರಲ್ಲಿ ತಿಂಗಳಿಗೆ 1000 ರೂಪಾಯಿ ಎಂದು ಗೊತ್ತುಮಾಡಲಾಯಿತು. ಇನ್ನು ಅಂಗಡಿ ಮುಚ್ಚಿದ ವರ್ತಕನಿಗೂ ವಯಸ್ಸಾದ ಕೃಷಿಕನಿಗೂ ಇರುವುದು ಇಡುಗಂಟಿನ ಬಡ್ಡಿ ಮಾತ್ರ. ಅದು ಅಪ್ಪಟ ಹಣಗೇಣಿ.

ಲೆಕ್ಕ ನೋಡೋಣ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಡಬಹುದಾದ ಮೊತ್ತದ ಮಿತಿಯನ್ನು 2023ರ ಏಪ್ರಿಲ್‌ನಲ್ಲಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಿ, ಬಡ್ಡಿಯನ್ನು ಶೇಕಡಾ 8.2 ಎಂದು ನಿಗದಿಪಡಿಸಲಾಯಿತು. ಆ ದರದಲ್ಲಿ 30 ಲಕ್ಷಕ್ಕೆ ವರ್ಷಕ್ಕೆ 2,46,000, ಅಂದರೆ ತಿಂಗಳಿಗೆ 20,500 ರೂಪಾಯಿ. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ 12 ವರ್ಷಗಳಲ್ಲಿ ಇಮ್ಮಡಿಯಾಗುತ್ತವೆ. 60ನೆಯ ವಯಸ್ಸಿನಲ್ಲಿ ಕೈಗೆ ಬಂದ ಅದೇ 20,500 ರೂಪಾಯಿ 72ರಲ್ಲಿ ಸುಮಾರು 10,200 ರೂಪಾಯಿಯ ಸಾಮಾನನ್ನಷ್ಟೇ ತಂದೀತು. ಮದ್ದಿನ ಖರ್ಚು ಬೆಳೆಯುವುದು ಆಗಲೇ. ಬಡ್ಡಿಯಾದರೂ ಸ್ಥಿರವೇ? ಇದೇ ಯೋಜನೆಯ ದರವು 2020ರ ಏಪ್ರಿಲ್‌ನಲ್ಲಿ 8.6ರಿಂದ 7.4ಕ್ಕೆ ಇಳಿದಿತ್ತು.

ಆದುದರಿಂದ ನಿವೃತ್ತಿಯ ಮೊದಲ ಹತ್ತು ವರ್ಷ ಬಂದುದೆಲ್ಲವನ್ನೂ ವ್ಯಯಿಸತಕ್ಕದ್ದಲ್ಲ. ಮೇಲಿನ ಲೆಕ್ಕದಲ್ಲಿ 15,500ರಲ್ಲಿ ಸಂಸಾರ ನಡೆಸಿ ತಿಂಗಳಿಗೆ 5,000 ಹಿಂದಕ್ಕಿಟ್ಟರೆ, ಹತ್ತು ವರ್ಷಕ್ಕೆ 6 ಲಕ್ಷವೂ ಅದರ ಬಡ್ಡಿಯೂ ಇಡುಗಂಟಿಗೆ ಕೂಡುತ್ತವೆ. ದೇಹದಲ್ಲಿ ಕಸುವಿರುವಾಗ ಮಿತವ್ಯಯ ಸುಲಭ, ಎಂಬತ್ತರ ಮುಪ್ಪಿನಲ್ಲಿ ಅದು ಶಿಕ್ಷೆ. ಭೋಗೋಪಭೋಗ ಪರಿಮಾಣದ ವಿಚಾರ ಶ್ರಾವಕನಿಗೆ ತಿಳಿದದ್ದೇ. ಒಮ್ಮೆ ಅನುಭವಿಸಿ ಮುಗಿಯುವ ಅನ್ನಪಾನಾದಿಗಳು ಭೋಗ. ಮತ್ತೆ ಮತ್ತೆ ಬಳಸುವ ವಸ್ತ್ರ, ವಾಹನ, ಪೀಠೋಪಕರಣಗಳು ಉಪಭೋಗ. ನಿವೃತ್ತನು ಕತ್ತರಿಯಾಡಿಸಬೇಕಾದದ್ದು ಎರಡನೆಯದರಲ್ಲಿ. ಹಾಲು, ಹಣ್ಣು, ಔಷಧಗಳಲ್ಲಿ ಕೈಬಿಗಿ ಹಿಡಿದು ಮಾಳಿಗೆ ಕಟ್ಟಿಸುವುದು ಮಿತವ್ಯಯವಲ್ಲ.

ಮಕ್ಕಳ ಪ್ರಶ್ನೆಯನ್ನು ಸಂಕೋಚವಿಲ್ಲದೆ ಚರ್ಚಿಸಬೇಕು. ನಿವೃತ್ತಿಯ ವರ್ಷವೇ ಇಡುಗಂಟನ್ನೆಲ್ಲ ಮಗನ ವ್ಯಾಪಾರಕ್ಕೋ ಮಗಳ ಮದುವೆಗೋ ಸುರಿದು, ಮರುತಿಂಗಳಿಂದ ಕೈಚಾಚುವ ಸ್ಥಿತಿಗೆ ಬಂದವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಅದನ್ನು ತ್ಯಾಗವೆಂದು ಹೊಗಳುವ ರೂಢಿಯೂ ಇದೆ. ಆದರೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಶ್ರಾವಕನ ಹನ್ನೊಂದು ಪ್ರತಿಮೆಗಳ ಕ್ರಮವನ್ನು ನೋಡಿರಿ. ಸೇವೆ, ಕೃಷಿ, ವಾಣಿಜ್ಯಗಳನ್ನು ಬಿಡುವ ಆರಂಭತ್ಯಾಗವು ಎಂಟನೆಯದು. ಪರಿಗ್ರಹತ್ಯಾಗವು ಅದರ ನಂತರದ್ದು. ಇಂದಿನ ನಿವೃತ್ತನು ಪ್ರತಿಮಾಧಾರಿಯೆಂದು ಇದರ ಅರ್ಥವಲ್ಲ. ದುಡಿಮೆ ಬಿಟ್ಟ ದಿನವೇ ಸೊತ್ತನ್ನೂ ಬಿಡಬೇಕೆಂಬ ಕಟ್ಟಳೆ ಇಲ್ಲವೆಂಬುದು ಮಾತ್ರ ಇದರಿಂದ ಸ್ಪಷ್ಟ. ಮನೆಯನ್ನು ಮಕ್ಕಳ ಹೆಸರಿಗೆ ಬರೆಯಲೇಬೇಕಾದರೆ, ತಮ್ಮ ಪೋಷಣೆಯ ಷರತ್ತನ್ನು ದಾನಪತ್ರದಲ್ಲಿಯೇ ಬರೆಯಿಸಬೇಕು. ಅಂತಹ ಷರತ್ತು ಮುರಿದಾಗ ಪತ್ರವನ್ನು ರದ್ದುಪಡಿಸುವ ಅವಕಾಶವನ್ನು ಹಿರಿಯ ನಾಗರಿಕರ 2007ರ ಕಾಯಿದೆ ಒದಗಿಸಿದೆ.

ಹೆಚ್ಚು ಬಡ್ಡಿಯ ಆಸೆಯೂ ಮುಪ್ಪಿನ ಶತ್ರು. ಬ್ಯಾಂಕು ಮುಳುಗಿದರೆ ಠೇವಣಿದಾರನಿಗೆ ಸಲ್ಲುವ ವಿಮೆಯ ಮಿತಿಯನ್ನು 2020ರಲ್ಲಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಅದು ಅಸಲು ಬಡ್ಡಿ ಎರಡೂ ಸೇರಿ. ಸಹಕಾರಿ ಬ್ಯಾಂಕುಗಳಿಗೆ ಈ ರಕ್ಷೆ ಇದೆ, ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ನಾಮಫಲಕಗಳೆರಡೂ ಒಂದೇ ತೆರನಾಗಿ ಕಾಣುವುದರಿಂದ ಠೇವಣಿ ಇಡುವ ಮುನ್ನ ಕೇಳಿ ತಿಳಿಯುವುದು ಲೇಸು.

ಕೊನೆಯದಾಗಿ ಗೃಹಿಣಿಯ ವಿಷಯ. ಕೇಂದ್ರ ಸರಕಾರದ ಹಳೆಯ ನಿಯಮದಲ್ಲಿ 60,000 ರೂಪಾಯಿ ಮೂಲವೇತನದಿಂದ ನಿವೃತ್ತನಾದವನಿಗೆ ಅದರ ಅರ್ಧ, 30,000 ನಿವೃತ್ತಿವೇತನ. ಅವನು 67 ದಾಟಿ ತೀರಿಕೊಂಡರೆ ಪತ್ನಿಗೆ ಸಲ್ಲುವುದು ಮೂಲವೇತನದ ಶೇಕಡಾ 30, ಅಂದರೆ 18,000. ಎರಡಕ್ಕೂ ತುಟ್ಟಿಭತ್ಯೆ ಬೇರೆ. ಮನೆಯ ಬಾಡಿಗೆ, ದೀಪದ ಬಿಲ್ಲು, ಕೆಲಸದವಳ ಸಂಬಳ ಇವು ಒಬ್ಬರು ಇಲ್ಲವಾದರೆಂದು ಅರ್ಧವಾಗುವುದಿಲ್ಲ. ವರ್ತಕನ ಪತ್ನಿಗಾದರೆ ಅಷ್ಟೂ ಇಲ್ಲ. ಬ್ಯಾಂಕಿನ ಖಾತೆ ಜಂಟಿಯಾಗಿದೆಯೇ, ಪ್ರತಿ ಠೇವಣಿಗೂ ಆಕೆಯ ನಾಮನಿರ್ದೇಶನವಿದೆಯೇ, ಯಾವ ರಸೀದಿ ಯಾವ ಪೆಟ್ಟಿಗೆಯಲ್ಲಿದೆಯೆಂಬುದು ಆಕೆಗೆ ಗೊತ್ತಿದೆಯೇ ಎಂಬುದನ್ನು ಉತ್ಸವ ಮುಗಿಸಿ ಮನೆಗೆ ಹೋದ ವಾರದೊಳಗೆ ಪ್ರತಿ ಗೃಹಸ್ಥನೂ ಪತ್ನಿಯೊಡನೆ ಕುಳಿತು ನೋಡಬೇಕು. ಪಟ್ಟಿಯನ್ನು ಆಕೆಯ ಕೈಯಲ್ಲಿಯೇ ಬರೆಯಿಸಬೇಕು.