ಸವಾಲ್ ಎಂದರೆ ಸವಾಲಲ್ಲ
(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ನಾನು ದೊಡ್ಡ ಸಾಧಕರ ಕಥೆ ಹೇಳಲು ಬಂದಿಲ್ಲ. ನನ್ನ ತರಗತಿಯಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನೇ ಹೇಳುತ್ತೇನೆ. ಅದರಲ್ಲಿ ತಪ್ಪು ನನ್ನದು.

ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ, ಎಂಟಕ್ಕೆ ಕನ್ನಡ ಮಾಧ್ಯಮಕ್ಕೆ ಬಂದಿದ್ದ ಒಬ್ಬ ಹುಡುಗಿ. ತಂದೆ ತಾಯಿ ಇಬ್ಬರೂ ಕಾಫಿ ತೋಟದಲ್ಲಿ ಕೆಲಸ, ಲೈನ್ ಮನೆಯಲ್ಲಿ ವಾಸ. ಮೊದಲ ಕಿರುಪರೀಕ್ಷೆಯಲ್ಲಿ 'ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ' ಎಂಬ ಪ್ರಶ್ನೆಗಳನ್ನೆಲ್ಲ ಖಾಲಿ ಬಿಟ್ಟಿದ್ದಳು. 'ಓದಿಲ್ಲ' ಎಂದು ಕೆಂಪು ಶಾಯಿಯಲ್ಲಿ ಬರೆದು ಕೊಟ್ಟೆ. ಮಾರನೆಯ ದಿನದಿಂದ ಅವಳು ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಅವಳ ತಾಯಿ ಸುರಿಯುವ ಮಳೆಯಲ್ಲಿ ಬಂದು, "ಇವಳಿಗೆ ಓದು ಹತ್ತೋದಿಲ್ಲ ಅಂತ ಕಾಣುತ್ತೆ ಸರ್, ಮನೆಯಲ್ಲೇ ಇರಲಿ" ಎಂದರು.

ಮಗುವನ್ನು ಕರೆಸಿ, ಪಾಠದ ಕಥೆಯನ್ನು ಉರ್ದುವಿನಲ್ಲಿ ಹೇಳು ಎಂದೆ. ಒಂದು ಮಾತೂ ಬಿಡದೆ ಹೇಳಿದಳು! "ಮತ್ತೆ ಏಕೆ ಬರೆಯಲಿಲ್ಲ?" "ಸ್ವಾರಸ್ಯ ಅಂದರೆ ಏನು ಬರೀಬೇಕು ಅಂತ ಗೊತ್ತಾಗಲಿಲ್ಲ ಸರ್." "ಕೇಳಬಹುದಿತ್ತಲ್ಲಮ್ಮ?" "ಎಲ್ಲರಿಗೂ ಗೊತ್ತಿತ್ತು ಸರ್. ನಾನೊಬ್ಬಳೇ ಹೇಗೆ ಕೇಳಲಿ?"

ಅಂದೇ ತರಗತಿಯಲ್ಲಿ, ಸ್ವಾರಸ್ಯ ಎಂದರೇನು ಎಂದು ಕೇಳಿದೆ. ಎದ್ದದ್ದು ನಾಲ್ಕೇ ಕೈ. ಉಳಿದವರೆಲ್ಲ ಹೇಗೋ ಅಂದಾಜಿನಲ್ಲಿ ಬರೆದಿದ್ದರು. ಎಲ್ಲರಿಗೂ ಗೊತ್ತಿದೆ ಎಂದು ಪ್ರತಿಯೊಬ್ಬರೂ ಭಾವಿಸಿದ್ದರು. ನಾನು ಪ್ರತಿದಿನ "ಅರ್ಥವಾಯಿತೇ?" ಎಂದು ಕೇಳುತ್ತಿದ್ದೆ, ಮಕ್ಕಳು "ಆಯಿತು ಸರ್" ಎನ್ನುತ್ತಿದ್ದರು. ಆ ಒಂದು ಪದದಿಂದ ಏನನ್ನು ನಿರೀಕ್ಷಿಸುತ್ತೇನೆ ಎಂಬುದನ್ನು ಮಾತ್ರ ನಾನು ಹೇಳಿರಲಿಲ್ಲ. ಉತ್ತರದಲ್ಲಿ ಆಯ್ಕೆ, ಸಂದರ್ಭ, ಸ್ವಾರಸ್ಯ ಎಂಬ ಮೂರು ಭಾಗಗಳಿರಬೇಕು. ಸ್ವಾರಸ್ಯವೆಂದರೆ ಆ ಮಾತು ಏಕೆ ಮುಖ್ಯ, ಅದರಲ್ಲಿ ಏನು ಸೊಗಸಿದೆ ಎಂಬುದು. ಇದನ್ನು ಹಲಗೆಯ ಮೇಲೆ ಬರೆಯಲು ಐದು ನಿಮಿಷ ಸಾಕಾಯಿತು. ಆ ಐದು ನಿಮಿಷ ಉಳಿಸಲು ಹೋಗಿ ಒಂದು ಮಗುವಿನ ಓದನ್ನೇ ಕಳೆಯುತ್ತಿದ್ದೆ.

ಎರಡು ಭಾಷೆ ಕಲಿಸುವವನಾಗಿ ಒಂದು ವಿಷಯ ಗಮನಿಸಿದ್ದೇನೆ. ಉರ್ದುವಿನಲ್ಲಿ 'ಸವಾಲ್' ಎಂದರೆ ಪ್ರಶ್ನೆ. ಅದೇ ಪದ ಕನ್ನಡಕ್ಕೆ ಬಂದು 'ಸವಾಲು' ಆದಾಗ ಪಂಥಾಹ್ವಾನ ಎಂಬ ಅರ್ಥ ಪಡೆಯಿತು. ನಮ್ಮ ತರಗತಿಗಳಲ್ಲೂ ಹೀಗೆಯೇ ಆಗುತ್ತಿದೆ. ಮಗು ಕೇಳುವುದು ಸವಾಲ್, ನಮ್ಮ ಕಿವಿಗೆ ಬೀಳುವುದು ಸವಾಲು. "ಎದುರು ಮಾತಾಡ್ತೀಯಾ? ಇಷ್ಟೂ ಗೊತ್ತಿಲ್ಲವೇ?" ಎಂದುಬಿಡುತ್ತೇವೆ. ಒಬ್ಬರಿಗೆ ಹಾಗೆಂದರೆ ನಲವತ್ತು ಬಾಯಿ ಮುಚ್ಚುತ್ತವೆ. ಆದರೆ 'ಜವಾಬ್' ಎಂಬ ಪದದಿಂದ ಕನ್ನಡಕ್ಕೆ 'ಜವಾಬ್ದಾರಿ' ಬಂದಿದೆ. ಉತ್ತರ ಕೊಡಬೇಕಾದವನೇ ಜವಾಬ್ದಾರ. ಶಿಕ್ಷಕರಾದ ನಾವು ಇದನ್ನು ಮರೆಯಬಾರದು.

ನಮ್ಮ ಮೂಡಿಗೆರೆ, ಕಳಸದ ತೋಟಗಳನ್ನೇ ನೋಡಿ. ಕೊಯ್ಲಿನ ಮೊದಲ ದಿನ ಹೊಸಬರು ಬಂದರೆ ಮೇಸ್ತ್ರಿ ಗಿಡದ ಮುಂದೆ ನಿಂತು, "ಈ ಕೆಂಪು ಹಣ್ಣು ಕೀಳಿ, ಹಸಿರು ಕಾಯಿ ಬಿಡಿ" ಎಂದು ತೋರಿಸುತ್ತಾನೆ. ಹೊಸಬರು ಮತ್ತೆ ಕೇಳಿದರೂ ಯಾರೂ ನಗುವುದಿಲ್ಲ. ಏಕೆಂದರೆ ಕಾಯಿ ಬೆರೆತರೆ ನಷ್ಟ ತೋಟದ ಮಾಲೀಕರಿಗೆ. ಶಾಲೆಯಲ್ಲಿ ಮಗು ಕೇಳದೆ ಹೋದರೆ ನಷ್ಟ ಮಗುವಿಗೆ ಮಾತ್ರ. ಅದಕ್ಕೇ ನಮಗೆ ಆ ಮೌನ ಕಾಣಿಸುವುದಿಲ್ಲವೋ ಏನೋ.

ನಮ್ಮ ಮೂಡಿಗೆರೆಯಲ್ಲೇ ಬಾಳಿದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾದಂಬರಿ ಬಂದದ್ದು 1980ರಲ್ಲಿ. ಅದರಲ್ಲಿ ವಿಜ್ಞಾನಿಯೊಬ್ಬರು ಹಳ್ಳಿಯ ಮಂದಣ್ಣನಿಂದ ಕಾಡಿನ ವಿಷಯ ತಿಳಿಯಲು ಸಂಕೋಚಪಡುವುದಿಲ್ಲ. ಕೇಳುವುದರಿಂದ ದೊಡ್ಡವರೂ ಸಣ್ಣವರಾಗುವುದಿಲ್ಲ. ನಮ್ಮ ಧಾರ್ಮಿಕ ಪರಂಪರೆಯಲ್ಲೂ, ದೀನ್ ಅರಿಯಲು ನಾಚಿಕೆಯನ್ನು ಅಡ್ಡಿ ಮಾಡಿಕೊಳ್ಳದ ಅನ್ಸಾರಿ ಮಹಿಳೆಯರನ್ನು ಹಜ್ರತ್ ಆಯಿಷಾ (ರ) ಮೆಚ್ಚಿ ಮಾತನಾಡಿದ್ದಾರೆ.

ಕಾನೂನು ಕೂಡ ಮಕ್ಕಳ ಪರವಾಗಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮು, ಎಂಟನೆಯ ತರಗತಿಯವರೆಗಿನ ಕಲಿಕೆ ಮಗುವನ್ನು ಭಯದಿಂದ ಮುಕ್ತಗೊಳಿಸಿ, ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ನೆರವಾಗಬೇಕು ಎನ್ನುತ್ತದೆ. ಮುಂದೆ ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ಭಾಷೆಗೆ 25, ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳಿಗೆ ತಲಾ 20 ಆಂತರಿಕ ಅಂಕಗಳಿವೆ. ಆ ಅಂಕಗಳನ್ನು ಯಾವುದಕ್ಕೆ, ಹೇಗೆ ಕೊಡುತ್ತೀರಿ ಎಂದು ಕೇಳುವುದು ಉದ್ಧಟತನವಲ್ಲ.

ವಿದ್ಯಾರ್ಥಿಗಳೇ, "ಗೊತ್ತಾಗಲಿಲ್ಲ" ಎಂದಷ್ಟೇ ಹೇಳಬೇಡಿ. ಯಾವುದು ಗೊತ್ತಾಗಲಿಲ್ಲವೆಂದು ಹೇಳಿ. "ಎಷ್ಟು ವಾಕ್ಯ ಬರೆಯಬೇಕು? ಕಾರಣ ಕೊಡಬೇಕೇ, ಉದಾಹರಣೆ ಸಾಕೇ?" ಎಂದು ಕೇಳಿ. ಕನ್ನಡ ಬಾರದಿದ್ದರೆ ಉರ್ದುವಿನಲ್ಲೋ ಬ್ಯಾರಿಯಲ್ಲೋ ಕೇಳಿ. ನಿಂತು ಕೇಳಲು ಹೆದರಿಕೆಯಾದರೆ ಚೀಟಿಯಲ್ಲಿ ಬರೆದು ಕೊಡಿ.

ಶಿಕ್ಷಕ ಮಿತ್ರರೇ, "ಅರ್ಥವಾಯಿತೇ?" ಎನ್ನುವ ಬದಲು "ಈಗ ನೀನು ಏನು ಮಾಡುತ್ತೀಯೆ, ಹೇಳು" ಎನ್ನೋಣ. ಕೆಲಸ ಕೊಡುವ ಮೊದಲು ಕಳೆದ ವರ್ಷದ ಒಂದು ಒಳ್ಳೆಯ ಉತ್ತರವನ್ನು ತೋರಿಸೋಣ. ಪೋಷಕರೇ, ಸಂಜೆ ಮಗು ಮನೆಗೆ ಬಂದಾಗ ಅಂಕದ ಮಾತು ಸ್ವಲ್ಪ ಹೊತ್ತು ಬದಿಗಿರಲಿ. "ಇವತ್ತು ಮೇಷ್ಟ್ರ ಹತ್ತಿರ ಏನು ಕೇಳಿದೆ?" ಎನ್ನಿ.

ಆ ಹುಡುಗಿ ಶಾಲೆ ಬಿಡಲಿಲ್ಲ. ಮುಂದಿನ ವಾರ ಕೈ ಎತ್ತಿ, "ಸರ್, ಸಾರಾಂಶಕ್ಕೂ ಸ್ವಾರಸ್ಯಕ್ಕೂ ಏನು ವ್ಯತ್ಯಾಸ?" ಎಂದು ಕೇಳಿದಳು. ಉತ್ತರ ಹೇಳುವ ಮೊದಲು ನಾನೂ ಒಂದು ಕ್ಷಣ ಯೋಚಿಸಬೇಕಾಯಿತು. ಅಂಥ ಪ್ರಶ್ನೆಗಳು ನಮ್ಮೆಲ್ಲ ಶಾಲೆಗಳಲ್ಲಿ ಕೇಳಿಬರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.