ಹೋಟೆಲು ಕಾರ್ಮಿಕರೂ ಚಳಿಗಾಲದ ಓಟವೂ

(ಪುಣೆಯ ಹೋಟೆಲು ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸಿನ ಮಾತು ಕೇಳಲು ಬಂದವರಿಗೆ ಇಂದು ಸ್ವಲ್ಪ ನಿರಾಶೆಯಾದೀತು. ಅದಕ್ಕೆ ಮುಂದಿನ ಸಭೆಯಿದೆ. ಕಳೆದ ಡಿಸೆಂಬರಿನಲ್ಲಿ ನಾವು ಐದು ಮಂದಿ ಐದು ಕಿಲೋಮೀಟರ್ ಓಡಿಬಂದ ಕತೆ ಹೇಳಿರೆಂದು ಕಾರ್ಯದರ್ಶಿಗಳು ನಮ್ಮನ್ನು ಇಲ್ಲಿ ನಿಲ್ಲಿಸಿದ್ದಾರೆ. ನಾವು ಭಾಷಣಕಾರರಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಮೋರಿಯಲ್ಲಿ ಲೋಟ ತೊಳೆದು, ಆಮೇಲೆ ಸಪ್ಲೈಗೆ ಬಂದವರು. ತಪ್ಪಿದ್ದಲ್ಲಿ ತಾವು ತಿದ್ದಿಕೊಳ್ಳಬೇಕು.

ಪುಣೆಯಲ್ಲಿ ಡಿಸೆಂಬರ್ ಬಂತೆಂದರೆ ಓಟದ ಹುಚ್ಚು. 1983ರಲ್ಲಿ ಪುಣೆ ಅಂತರರಾಷ್ಟ್ರೀಯ ಮ್ಯಾರಥಾನ್ ಆರಂಭವಾಯಿತು. ಆಮೇಲೆ ಚಿಕ್ಕ ದೊಡ್ಡ ಓಟಗಳು ಹಲವು ಹುಟ್ಟಿಕೊಂಡವು. ನಾವು ಬಾಗಿಲು ತೆರೆದು ಬಾಯ್ಲರು ಹೊತ್ತಿಸುವ ಹೊತ್ತಿಗೆ ಬಣ್ಣದ ಅಂಗಿಯವರು ರಸ್ತೆಯಲ್ಲಿ ಓಡುತ್ತಿರುತ್ತಾರೆ. ಓಟ ಮುಗಿಸಿ ನಮ್ಮಲ್ಲಿಗೇ ಬಂದು ಇಡ್ಲಿ ತಿನ್ನುತ್ತಾರೆ. ಎಷ್ಟೋ ವರ್ಷ ಅವರ ತಟ್ಟೆ ಎತ್ತಿದೆವು. ಓಟವೆಂಬುದು ಹೊಟ್ಟೆ ತುಂಬಿದವರ ಆಟ, ನಮ್ಮಂಥವರದಲ್ಲ ಎಂದೇ ತಿಳಿದಿದ್ದೆವು.

ಹಾಗೆ ತಿಳಿದದ್ದು ನಮ್ಮ ದಡ್ಡತನವೊಂದೇ ಅಲ್ಲ. ಹವ್ಯಾಸಿ ಓಟಗಾರ, ಅಂದರೆ 'ಅಮೆಚೂರ್' ಎಂಬ ಮಾತು ಬಂದದ್ದು ಇಂಗ್ಲೆಂಡಿನ ದೊಡ್ಡ ಮನುಷ್ಯರಿಂದ. 1879ರಲ್ಲಿ ಅಲ್ಲಿಯ ಹೆನ್ಲಿ ದೋಣಿ ಪಂದ್ಯದವರು ಒಂದು ನಿಯಮ ಬರೆದರು: ಕೂಲಿಗಾಗಿ ಕೈಕೆಲಸ ಮಾಡುವ ಮೆಕ್ಯಾನಿಕ್ಕು, ಕಸುಬುದಾರ, ಕೂಲಿಕಾರ ಇವರು ಯಾರೂ ಹವ್ಯಾಸಿಗಳಲ್ಲ! ಓಟದ ಪಂದ್ಯಗಳಲ್ಲಿಯೂ ಇಂಥದೇ ಬೇಲಿಯಿತ್ತು. 1880ರ ಏಪ್ರಿಲಿನಲ್ಲಿ ಆಕ್ಸ್‌ಫರ್ಡಿನಲ್ಲಿ ಸಭೆ ಸೇರಿ ಓಟಗಾರರ ಹೊಸ ಸಂಘ ಕಟ್ಟಿದಾಗ ಆ ಬೇಲಿ ಬಿತ್ತು. ಆ ಸಭೆ ನಡೆದದ್ದು ರ್‍ಯಾಂಡಾಲ್ಫ್ ಎಂಬ ಹೋಟೆಲಿನಲ್ಲಿ. ಅಂದು ಅವರಿಗೆ ಚಹಾ ತಂದಿಟ್ಟವನು ಯಾರೋ, ಅವನಿಗೂ ಓಡಬೇಕೆನ್ನಿಸಿತೋ ಇಲ್ಲವೋ!

ದೂರದ ಮಾತೇಕೆ, ಈ ಪುಣೆಯದೇ ಕೇಳಿರಿ. 1919ರ ಸುಮಾರಿಗೆ ಇಲ್ಲಿಯ ಡೆಕ್ಕನ್ ಜಿಮ್ಖಾನದ ಕ್ರೀಡೆಗಳಿಗೆ ಸರ್ ದೋರಾಬ್ಜಿ ಟಾಟಾ ಅಧ್ಯಕ್ಷರಾಗಿದ್ದರು. ಹೊಲದಲ್ಲಿ ದುಡಿಯುವ ಹುಡುಗರು ಬರಿಗಾಲಲ್ಲಿ ಓಡಿದ್ದನ್ನು ಕಂಡು ಅವರು ಬೆರಗಾದರು. ಅದೇ ಕಾರಣವಾಗಿ 1920ರಲ್ಲಿ ಬೆಲ್ಜಿಯಮ್ಮಿನ ಆಂಟ್ವರ್ಪ್ ಒಲಿಂಪಿಕ್ಸಿಗೆ ನಮ್ಮ ದೇಶದ ತಂಡ ಹೊರಟಿತು. ಅದರಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಇದ್ದರು. ಆಗಸ್ಟ್ 22ರಂದು ನಡೆದ ಮ್ಯಾರಥಾನಿನಲ್ಲಿ 42 ಕಿಲೋಮೀಟರಿಗೂ ಮಿಕ್ಕ ದೂರವನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾಗಿ ಬಂದರು. ಈ ಸಂಗತಿಯನ್ನು ಊಟದ ಹೊತ್ತಿನಲ್ಲಿ ಓದಿ ಹೇಳಿದಾಗ ನಮ್ಮ ದೋಸೆ ಭಟ್ಟಿಯ ಮೇಸ್ತ್ರಿ, "ಬೆಳಗಾವಿಯವರು ನಲವತ್ತೆರಡು ಓಡಿದರೆ ನಾವು ಐದು ಓಡಲಾರೆವೇ?" ಎಂದರು. ಅಲ್ಲಿಂದ ಶುರು.

ರಾತ್ರಿ ಹನ್ನೊಂದಕ್ಕೆ ನೆಲ ತೊಳೆದು ಮಲಗುವವರು ಅಭ್ಯಾಸ ಮಾಡುವುದು ಯಾವಾಗ? ಮಧ್ಯಾಹ್ನ ಮೂರಕ್ಕೆ ಕೆಲಸ ಸಡಿಲವಾಗುತ್ತದಷ್ಟೆ. ಆ ನಿದ್ದೆ ಬಿಟ್ಟು ಪರ್ವತಿಯ 103 ಮೆಟ್ಟಿಲು ಹತ್ತಿ ಇಳಿದೆವು. ಬೂಟು ಸಿಕ್ಕಿದ್ದು ಜುನಾ ಬಜಾರಿನ ಬುಧವಾರದ ಸಂತೆಯಲ್ಲಿ. ಮೊದಮೊದಲು ಮೇಸ್ತ್ರಿಯ ಕಾಲು ಎದ್ದೇಳುತ್ತಿರಲಿಲ್ಲ. ಇಪ್ಪತ್ತು ವರ್ಷ ಒಂದೇ ಕಡೆ ನಿಂತವರ ಮೀನಖಂಡದಲ್ಲಿ ನೀಲಿ ನರ ಗಂಟುಗಟ್ಟಿರುವುದನ್ನು ತಾವೆಲ್ಲ ಬಲ್ಲಿರಿ. ತಮ್ಮ ಕಾಲಲ್ಲೂ ಇದ್ದೀತು. ನಡೆದರೆ, ಓಡಿದರೆ ಮೀನಖಂಡ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಸುಮ್ಮನೆ ನಿಂತರೆ ಅದು ಕೆಳಗೇ ನಿಲ್ಲುತ್ತದೆ. ದಿನವೆಲ್ಲ ಕಾಲ ಮೇಲಿರುವ ನಮಗೆ ವ್ಯಾಯಾಮ ಬೇರೆ ಯಾಕೆ ಎನ್ನುವವರಿಗೆ ಇದೇ ನಮ್ಮ ಉತ್ತರ.

ಕಷ್ಟವಿದ್ದದ್ದು ಮೆಟ್ಟಿಲಿನಲ್ಲಲ್ಲ, ಗಲ್ಲಾದ ಬಳಿ. ಧಣಿಗಳ ಹೆಸರು ಇಲ್ಲಿ ಬೇಡ. "ಭಾನುವಾರ ಬೆಳಿಗ್ಗೆಯೇ ವ್ಯಾಪಾರ, ಓಡುವವರು ಓಡಿಯೇ ಹೋಗಿರಿ" ಎಂದರು. ವಾರಕ್ಕೊಂದು ರಜೆ ಕಾನೂನಿನಲ್ಲಿದೆ. ಅವರ ಪುಸ್ತಕದಲ್ಲಿಯೂ ಬರೆದಿರುತ್ತದೆ. ನಮ್ಮ ಕೈಗೆ ಮಾತ್ರ ಬರುತ್ತಿರಲಿಲ್ಲ. ಕೊನೆಗೆ ಉಳಿದ ಆರು ಮಂದಿ ನಮ್ಮ ಮೇಜುಗಳನ್ನೂ ನೋಡಿಕೊಳ್ಳುತ್ತೇವೆಂದು ಮುಂದೆ ಬಂದು ನಿಂತಾಗ ಒಪ್ಪಿದರು. ಎಂಟೂವರೆಗೆ ಹಾಜರಿರಬೇಕು, ತಪ್ಪಿದರೆ ಅರ್ಧ ದಿನದ ಸಂಬಳ ಖೋತಾ.

ಅಂದಿನ ಚಳಿ ಹೇಳತೀರದು. ಅಂಗಿಗೆ ನಂಬರು ಚುಚ್ಚಿಕೊಳ್ಳಲು ನಾಲ್ಕು ಪಿನ್ನು ಕೊಟ್ಟಿದ್ದರು. ಬೆರಳು ಮರಗಟ್ಟಿ ಪಿನ್ನೇ ಹಿಡಿಯಲೊಲ್ಲದು. ಹೊರಡುವ ಗುಂಪಿನ ನೂಕಿನಲ್ಲಿ ಮೊದಲ ಕಿಲೋಮೀಟರನ್ನು ಬಸ್ಸು ಹಿಡಿಯುವವರಂತೆ ಓಡಿಬಿಟ್ಟೆವು. ಅದು ನಮ್ಮ ತಪ್ಪು. ಒಣ ಚಳಿಗಾಳಿ ಗಂಟಲನ್ನು ಗರಗಸದಂತೆ ಕೊಯ್ಯಿತು. ಮೊದಲು ಹತ್ತು ನಿಮಿಷ ನಡೆದು ಮೈ ಬಿಸಿ ಮಾಡಿಕೊಂಡು, ಮೊದಲರ್ಧ ಮಾತಾಡಿಕೊಂಡು ಓಡುವಷ್ಟು ನಿಧಾನವಾಗಿ ಹೋಗಬೇಕು. ಮೈ ಕಾದ ಮೇಲೆ ಚಳಿಯೇ ಉಪಕಾರಿ, ಬಿಸಿಲಿನಷ್ಟು ದಣಿಸುವುದಿಲ್ಲ.

ಮೂರನೆಯ ಕಿಲೋಮೀಟರಿನಲ್ಲಿ ಮೇಸ್ತ್ರಿ ನಿಂತರು. ಯಾರನ್ನೂ ಬಿಟ್ಟು ಹೋಗುವುದಿಲ್ಲವೆಂದು ಮೊದಲೇ ಮಾತಾಗಿತ್ತು. ಆದರೆ ಮೋರಿಯ ಹುಡುಗ ಒಮ್ಮೆ ನಮ್ಮ ಮುಖ ನೋಡಿದ, ಒಮ್ಮೆ ರಸ್ತೆ ನೋಡಿದ, ಹೊರಟೇ ಹೋದ. ಇಪ್ಪತ್ತಾರು ನಿಮಿಷದಲ್ಲಿ ಮುಗಿಸಿದನಂತೆ. ಆಮೇಲೆ ಅವನನ್ನು ಬೈದೆವು. ಈಗ ಯೋಚಿಸಿದರೆ ಬೈಯಬಾರದಿತ್ತು. ದಿನವೂ ಇನ್ನೊಬ್ಬರ ಕೂಗಿಗೆ ಓಡುವ ಹುಡುಗ ಅಂದು ಒಂದು ದಿನ ತನ್ನ ಕಾಲಿನ ಮಾತು ಕೇಳಿದ.

ನಾವು ನಾಲ್ವರು ಸ್ವಲ್ಪ ದೂರ ನಡೆದೆವು. ಕೊನೆಯ ಅರ್ಧ ಕಿಲೋಮೀಟರು ಕಂಡಾಗ ಮೇಸ್ತ್ರಿ ತಾವಾಗಿಯೇ ಓಡತೊಡಗಿದರು. ನಲವತ್ತೊಂದು ನಿಮಿಷ. ಪದಕ ಕೊರಳಿಗೆ ಬಿದ್ದಾಗ ಅವರು ಅದನ್ನು ಅಂಗಿಯೊಳಗೆ ಹಾಕಿಕೊಂಡರು, ಯಾರಾದರೂ ತಿರುಗಿ ಕೇಳಿಯಾರೆಂಬಂತೆ.

ಹೋಟೆಲು ಮುಟ್ಟಿದಾಗ ಎಂಟು ನಲವತ್ತು. ಐವರಿಗೂ ಅರ್ಧ ದಿನ ಖೋತಾ ಆಯಿತು. ಆ ದುಡ್ಡನ್ನು ಉಳಿದ ಆರು ಮಂದಿ ತಮ್ಮ ಟಿಪ್ಪಿನಿಂದ ತುಂಬಿಕೊಟ್ಟರು; ಬೇಡವೆಂದರೂ ಕೇಳಲಿಲ್ಲ. ಅಂದೇ ರಾತ್ರಿ ಹನ್ನೊಂದೂ ಮಂದಿ ಕೂತು ರಜೆಯ ಪಾಳಿಯನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಗಲ್ಲಾದ ಮೇಲಿಟ್ಟೆವು. ಎರಡು ತಿಂಗಳು ಜಗ್ಗಾಡಿ, ಈಗ ಆ ಹಾಳೆ ಅಡಿಗೆಮನೆಯ ಗೋಡೆಯ ಮೇಲಿದೆ. ಈ ವರ್ಷದ ಓಟದ ಭಾನುವಾರಕ್ಕೆ ಆ ಆರು ಮಂದಿಯ ಹೆಸರಿದೆ. ಅಂದು ಅವರ ಮೇಜುಗಳನ್ನು ನೋಡಿಕೊಳ್ಳುವವರು ನಾವು.

ಬೇರೆ ಹೋಟೆಲಿನವರು ಯಾರಾದರೂ ಬರುವುದಾದರೆ ಸಭೆ ಮುಗಿದ ಮೇಲೆ ಬಾಗಿಲ ಬಳಿ ಮೇಸ್ತ್ರಿಯವರನ್ನು ಕಾಣಿರಿ. ಬೂಟಿನ ಅಳತೆಯನ್ನೂ ಹೇಳಿರಿ. ಎಂಟನೆಯ ನಂಬರಿನ ಎರಡು ಜೋಡಿ ಈಗಾಗಲೇ ಅವರ ಬಳಿಯಿವೆ.