ಕೈಯೊಳಗಿನ ಯಂತ್ರ, ಮನೆಯೊಳಗಿನ ಮಾತು





ಮೊಬೈಲ್ ಫೋನನ್ನು ಹಳಿಯುವುದು ಸುಲಭ. ಆದರೆ ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವ ಮಗನ ಮುಖವನ್ನು ವೃದ್ಧ ತಾಯಿ ದಿನವೂ ಕಾಣುವುದು ಅದರಿಂದಲೇ. ಒಂದು ಪತ್ರಕ್ಕಾಗಿ ವಾರಗಟ್ಟಲೆ ಕಾದ ತಲೆಮಾರಿಗೆ ಈ ಉಪಕಾರದ ಬೆಲೆ ತಿಳಿದಿದೆ. 2020ರಲ್ಲಿ ಕೋವಿಡ್ ನಿಮಿತ್ತ ಶಾಲೆಗಳು ಮುಚ್ಚಿದಾಗ ಅನೇಕ ಮಕ್ಕಳಿಗೆ ಪಾಠ ತಲುಪಿದ್ದೂ ಅದರ ಮೂಲಕವೇ. ಆದುದರಿಂದ ಈ ಯಂತ್ರಕ್ಕೆ ನಮ್ಮ ಮನೆಯಲ್ಲಿ ಯಾವ ಸ್ಥಾನ, ಯಾವ ವೇಳೆ ಎಂಬುದನ್ನೇ ನಾವು ವಿಚಾರಿಸಬೇಕಾಗಿದೆ.

ಮನಸ್ಸು ಗಟ್ಟಿಯಿದ್ದರೆ ಸಾಕೆಂದು ಕೆಲವರು ಹೇಳುವುದುಂಟು. ವಿಷಯ ಅಷ್ಟು ಸರಳವಾಗಿಲ್ಲ. ಪುಸ್ತಕಕ್ಕೆ ಕೊನೆಯ ಪುಟವುಂಟು. ಅಲ್ಲಿಗೆ ತಲುಪಿದಾಗ ಕೈ ತಾನಾಗಿ ಅದನ್ನು ಕೆಳಗಿಡುತ್ತದೆ. ಫೋನಿನ ಪರದೆಗೆ ಕೊನೆಯೆಂಬುದಿಲ್ಲ. ಬೆರಳು ಸರಿಸಿದಷ್ಟೂ ಹೊಸದು ಬರುವ ಈ ಏರ್ಪಾಡನ್ನು 2006ರಲ್ಲಿ ರೂಪಿಸಿದವರು ಅಮೆರಿಕದ ವಿನ್ಯಾಸಕಾರ ಏಝಾ ರಾಸ್ಕಿನ್. ಮುಂದೆ ಅವರೇ ಅದಕ್ಕಾಗಿ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದರು. ನೋಡುವವರು ಹೆಚ್ಚು ಹೊತ್ತು ಕುಳಿತಷ್ಟೂ ಜಾಹೀರಾತಿನ ಆದಾಯ ಹೆಚ್ಚು. ಹೀಗೆ, ಬಿಡದಂತೆ ಹಿಡಿದಿಡಲೆಂದೇ ಕಟ್ಟಿದ ಯಂತ್ರದ ಮುಂದೆ ಹತ್ತು ವರ್ಷದ ಮಗುವನ್ನು ಒಂಟಿಯಾಗಿ ಕೂರಿಸಿ, ಸಾಕುಮಾಡೆಂದು ಗದರಿಸುವುದು ನ್ಯಾಯವೇ?

ಹಾಗಾದರೆ ಮಾರ್ಗವೇನು? ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿ 2022ರಲ್ಲಿ ಒಂದು ಮಾರ್ಗವನ್ನು ತೋರಿತು. ಕೋವಿಡ್ ಕಾಲದಲ್ಲಿ ಪಾಠಕ್ಕೆಂದು ಕೈಸೇರಿದ ಫೋನನ್ನು ಮಕ್ಕಳು ಶಾಲೆ ತೆರೆದ ಮೇಲೂ ಬಿಡದಿರಲು, ಊರವರು ಕೂಡಿ ಒಂದು ನಿಯಮ ಮಾಡಿಕೊಂಡರು. ಸಂಜೆ 7 ಗಂಟೆಗೆ ದೇವಸ್ಥಾನದ ಸೈರನ್ ಮೊಳಗಿದೊಡನೆ ಮನೆಮನೆಯ ಟಿ.ವಿ., ಫೋನುಗಳು ಬಂದ್. 8.30ಕ್ಕೆ ಮತ್ತೆ ಸೈರನ್ ಕೇಳುವ ತನಕ ಓದು ಮತ್ತು ಮಾತುಕತೆ. ಈ ನಿಯಮ ಹಿರಿಯರಿಗೂ ಅನ್ವಯಿಸಿತು ಎಂಬುದು ಗಮನಾರ್ಹ. ಪಕ್ಕದ ಮನೆಯಲ್ಲೂ ಅದೇ ಕಟ್ಟಳೆಯಿದ್ದಾಗ ತನಗೊಬ್ಬನಿಗೇ ಶಿಕ್ಷೆಯೆಂದು ಯಾವ ಮಗು ದೂರೀತು?

ಶಿಶುಗಳ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಅವಶ್ಯ. ಒಂದು ವರ್ಷದೊಳಗಿನ ಮಗುವಿಗೆ ಪರದೆಯ ನೋಟವೇ ಸಲ್ಲದು, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಹೀಗಿದ್ದೂ ಅನೇಕ ಮನೆಗಳಲ್ಲಿ ಫೋನು ತೋರಿಸದೆ ಮಗುವಿನ ಬಾಯಿಗೆ ತುತ್ತು ಇಳಿಯುವುದಿಲ್ಲ.

ನಮ್ಮ ಮನೆಗಳಲ್ಲಿ ಸೈರನ್ ಬೇಕಾಗಿಲ್ಲ. ಮೂರು ಕಟ್ಟಳೆಗಳು ಸಾಕು. ಊಟದ ವೇಳೆ ಎಲ್ಲರ ಫೋನುಗಳೂ ಒಂದೇ ಕಪಾಟಿನಲ್ಲಿರಲಿ. ರಾತ್ರಿ ಅವು ಮಲಗುವ ಕೋಣೆಯ ಹೊರಗೆ ಚಾರ್ಜ್ ಆಗಲಿ; ಬೆಳಿಗ್ಗೆ ಎಬ್ಬಿಸಲು ಅಲಾರಾಂ ಗಡಿಯಾರವಿದೆ, ತುರ್ತು ಕರೆಯ ಸದ್ದು ಜಗಲಿಯಿಂದಲೂ ಕೇಳಿಸುತ್ತದೆ. ಪರದೇಶದಲ್ಲಿರುವವರ ಕರೆಗೆ ವೇಳೆಯೊಂದನ್ನು ಗೊತ್ತುಮಾಡಿ, ಮನೆಯವರೆಲ್ಲ ಸೇರಿ ಮಾತನಾಡೋಣ. ಆಗ ದೂರವಿರುವ ಮಗನಿಗೆ ಇಡೀ ಮನೆಯೇ ಸಿಕ್ಕಂತಾಗುವುದು.

ಮಕ್ಕಳು ನಮ್ಮ ಉಪದೇಶಕ್ಕೆ ಕಿವಿಗೊಡುವುದಕ್ಕಿಂತ ಹೆಚ್ಚಾಗಿ ನಮ್ಮ ಕೈಗಳನ್ನು ನೋಡುತ್ತಾರೆ. ಇಂದು ರಾತ್ರಿ ಊಟಕ್ಕೆ ಕೂರುವಾಗ ಮನೆಯ ಯಜಮಾನರ ಫೋನೇ ಮೊದಲು ಕಪಾಟು ಸೇರಲಿ ಎಂದು ವಿನಂತಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.